ಹಾಲು ಆಗಿಬರದ ಹೊಟ್ಟೆ: ಮತ್ತೆ ಒಗ್ಗಿಸಿಕೊಳ್ಳುವ ಬಗೆ

ಹಾಲು ಕುಡಿದ ಅರ್ಧ ತಾಸಿನಿಂದ ಎರಡು ತಾಸಿನೊಳಗೆ ಹೊಟ್ಟೆ ಉಬ್ಬರಿಸುವುದು, ಒಳಗೆಲ್ಲ ಗುಡುಗುಡು ಎನ್ನುವುದು, ಕಿಬ್ಬೊಟ್ಟೆಯಲ್ಲಿ ನುಲಿತ, ಮೇಲಿಂದ ಮೇಲೆ ವಾಯು, ಕೆಲವರಿಗೆ ತೆಳ್ಳನೆಯ ಬೇದಿ: ಇವು ಲ್ಯಾಕ್ಟೋಸ್ ಅಸಹಿಷ್ಣುತೆಯ ಲಕ್ಷಣಗಳು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಮನೆಗಳಲ್ಲಿ ‘ನನಗ ಹಾಲು ಆಗಿಬರೂದಿಲ್ಲ’ ಎನ್ನುವವರು ಹೆಚ್ಚಾಗಿ ಹೇಳುತ್ತಿರುವುದು ಇದನ್ನೇ. ಹಾಗೆ ಹೇಳುವವರಲ್ಲಿ ಬಹಳ ಮಂದಿ ದಿನಕ್ಕೆ ನಾಲ್ಕೈದು ಸಲ ಹಾಲು ಹಾಕಿದ ಚಾ ಕುಡಿಯುತ್ತಾರೆ, ಊಟದ ಕೊನೆಗೆ ಮಜ್ಜಿಗೆಯನ್ನೂ ಬಿಡುವುದಿಲ್ಲ. ಅದರಿಂದ ಅವರಿಗೆ ಏನೂ ಆಗುವುದಿಲ್ಲ. ಎಷ್ಟು ಹಾಲು, ಯಾವ ರೂಪದಲ್ಲಿ, ಯಾವ ಹೊತ್ತಿಗೆ ಎಂಬುದರ ಮೇಲೆಯೇ ಈ ತೊಂದರೆ ನಿಂತಿರುವುದರಿಂದ, ಅದನ್ನು ದಾಟುವ ದಾರಿಯೂ ಅಲ್ಲೇ ಇದೆ.

ಲ್ಯಾಕ್ಟೋಸ್ ಎಂದರೆ ಹಾಲಿನಲ್ಲಿ ಹುಟ್ಟಿನಿಂದಲೇ ಇರುವ ಸಕ್ಕರೆ. ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಎಂಬ ಎರಡು ಸಣ್ಣ ಸಕ್ಕರೆಗಳು ಜೋಡಿಯಾಗಿ ಸೇರಿ ಅದು ಆಗಿರುತ್ತದೆ. ಜೋಡಿಯಾಗಿಯೇ ಉಳಿದರೆ ಅದು ರಕ್ತಕ್ಕೆ ಸೇರಲಾರದು, ಬಿಡಿಸಬೇಕು. ಬಿಡಿಸುವ ಕೆಲಸ ಲ್ಯಾಕ್ಟೇಸ್ ಎಂಬ ಕಿಣ್ವದ್ದು. ಸಣ್ಣ ಕರುಳಿನ ಒಳಗೋಡೆಯ ಮೇಲೆ ಕೂದಲೆಳೆಗಿಂತ ಸೂಕ್ಷ್ಮವಾದ ಚಾಚುಗಳಿವೆ, ಅವುಗಳ ತುದಿಯಲ್ಲಿ ಈ ಕಿಣ್ವ ಇರುತ್ತದೆ. ಕಿಣ್ವ ಸಾಲದೆ ಬಂದರೆ ಬಿಡಿಸದ ಸಕ್ಕರೆ ತನ್ನೊಂದಿಗೆ ನೀರನ್ನೂ ಎಳೆದುಕೊಂಡು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿರುವ ಕೋಟ್ಯಂತರ ಬ್ಯಾಕ್ಟೀರಿಯಾ ಅದನ್ನು ಹುಳಿಸುತ್ತವೆ. ಆಗ ಹುಟ್ಟುವ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಸೇರಿ ಹೊಟ್ಟೆ ಉಬ್ಬುತ್ತದೆ; ಎಳೆದುಕೊಂಡ ನೀರಿನಿಂದ ಬೇದಿಯಾಗುತ್ತದೆ.

ಎದೆಹಾಲು ಕುಡಿಯುವ ಕೂಸಿಗೆ ಲ್ಯಾಕ್ಟೇಸ್ ಧಾರಾಳವಾಗಿರುತ್ತದೆ. ತಾಯಿಯ ಹಾಲಿನಲ್ಲಿ ಆಕಳ ಹಾಲಿಗಿಂತ ಹೆಚ್ಚು, ಸುಮಾರು ಶೇ. 7ರಷ್ಟು ಲ್ಯಾಕ್ಟೋಸ್ ಇದ್ದರೂ ಕೂಸು ಅದನ್ನು ಅರಗಿಸಿಕೊಳ್ಳುತ್ತದೆ. ಹಾಲು ಬಿಟ್ಟ ಮೇಲೆ, ಎರಡರಿಂದ ಐದು ವರ್ಷದ ನಂತರ, ಬಹುಪಾಲು ಮನುಷ್ಯರಲ್ಲಿ ಈ ಕಿಣ್ವ ತಾನಾಗಿ ಕಡಿಮೆಯಾಗುತ್ತ ಹೋಗುತ್ತದೆ. ಲೋಕದ ವಯಸ್ಕರಲ್ಲಿ ಮೂರರಲ್ಲಿ ಎರಡು ಪಾಲು ಜನರ ಸ್ಥಿತಿ ಇದೇ. ಆದ್ದರಿಂದ ಇದನ್ನು ರೋಗ ಎನ್ನುವುದೇ ತಪ್ಪು. ದೊಡ್ಡವರಾದ ಮೇಲೂ ಕಿಣ್ವ ಉಳಿಸಿಕೊಂಡವರೇ ಅಪರೂಪದವರು. ಅವರಲ್ಲಿ ಕಿಣ್ವವನ್ನು ಚಾಲೂ ಇಡುವುದು ಎರಡನೆಯ ವರ್ಣತಂತುವಿನ ಮೇಲಿನ ಒಂದು ಸಣ್ಣ ಬದಲಾವಣೆ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳೂ ಪಾಲ್ಗೊಂಡು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತದ ಬೇರೆ ಬೇರೆ ಸಮುದಾಯಗಳ ಎರಡು ಸಾವಿರಕ್ಕೂ ಹೆಚ್ಚು ಜನರಲ್ಲಿ ಇದನ್ನು ಹುಡುಕಿತು. ಯುರೋಪಿನವರಲ್ಲಿರುವ ಬದಲಾವಣೆಯೇ ಇಲ್ಲಿಯೂ ಸಿಕ್ಕಿತು. ವಾಯವ್ಯ ಭಾರತದಲ್ಲಿ ಅದು ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ. ದಕ್ಷಿಣದಲ್ಲಿ ಇದಕ್ಕೆ ಎದ್ದು ಕಾಣುವ ಅಪವಾದ ಎಂದರೆ ಎಮ್ಮೆ ಸಾಕುತ್ತ ಬಂದ ನೀಲಗಿರಿಯ ತೊದವರು. ಇಡೀ ದೇಶದ ಸರಾಸರಿ ಹಿಡಿದರೆ ಐದು ವಯಸ್ಕರಲ್ಲಿ ಒಬ್ಬರಿಗಷ್ಟೇ ಈ ಗುಣವಿರಬಹುದೆಂಬುದು ಆ ಅಧ್ಯಯನದ ಅಂದಾಜು.

ಹಾಗಿದ್ದರೂ ಉಳಿದವರೆಲ್ಲ ಹಾಲು ಕುಡಿದು ನರಳುತ್ತಿಲ್ಲ. ಕಿಣ್ವ ಕಡಿಮೆಯಿರುವುದು ಒಂದು ಮಾತು, ಅದರಿಂದ ತೊಂದರೆಯಾಗುವುದು ಇನ್ನೊಂದು ಮಾತು. ಕಿಣ್ವ ಕಡಿಮೆಯಿರುವವರು ಕೂಡ ಒಮ್ಮೆಗೆ 12 ಗ್ರಾಂ ಲ್ಯಾಕ್ಟೋಸನ್ನು, ಎಂದರೆ ಸುಮಾರು 250 ಮಿ.ಲೀ. ಹಾಲನ್ನು, ಹೆಚ್ಚಿನ ತೊಂದರೆಯಿಲ್ಲದೆ ತಡೆದುಕೊಳ್ಳುತ್ತಾರೆ ಎಂಬುದು ಈಗ ತಜ್ಞರ ಒಪ್ಪಿತ ಮಾತು. 1995ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಹಾಲೆಂದರೆ ಆಗದು ಎನ್ನುತ್ತಿದ್ದವರಿಗೆ ದಿನಕ್ಕೊಂದು ಲೋಟದಂತೆ ಒಂದು ವಾರ ಸಾದಾ ಹಾಲು, ಇನ್ನೊಂದು ವಾರ ಲ್ಯಾಕ್ಟೋಸ್ ಒಡೆದ ಹಾಲು ಕೊಟ್ಟರು. ಯಾವುದು ಯಾವುದೆಂದು ಕುಡಿಯುವವರಿಗೆ ತಿಳಿಯದಂತೆ ರುಚಿ ಸರಿದೂಗಿಸಿದ್ದರು. ಎರಡೂ ವಾರಗಳ ತೊಂದರೆ ಹೆಚ್ಚುಕಡಿಮೆ ಒಂದೇ ಆಗಿತ್ತು, ಅದೂ ಅತ್ಯಲ್ಪ. ಹೊಟ್ಟೆಯ ಕೆಡುಕಿನಲ್ಲಿ ಅಂಜಿಕೆಗೂ ಒಂದು ಪಾಲಿದೆ.

ಇದು ಹಾಲಿನದೇ ತೊಂದರೆಯೇ?

ಹಾಲಿಗೆ ಒಗ್ಗಿಸಿಕೊಳ್ಳುವ ಮೊದಲು ಹೊಟ್ಟೆ ಕೆಡಿಸುತ್ತಿರುವುದು ಹಾಲೇ ಎಂದು ಖಚಿತಪಡಿಸಿಕೊಳ್ಳಬೇಕು. ಈ ಭಾಗದ ಊಟದಲ್ಲಿ ವಾಯು ಮಾಡುವ ಪದಾರ್ಥ ಹಾಲೊಂದೇ ಅಲ್ಲ. ಮಡಿಕೆ, ಅಲಸಂದಿ, ಕಡಲೆಯ ಕಾಳುಪಲ್ಯ, ಜೊತೆಗೆ ಕಚ್ಚಿ ತಿನ್ನುವ ಹಸಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಖಾರ ಎಲ್ಲವೂ ದೊಡ್ಡ ಕರುಳಿನಲ್ಲಿ ಹುಳಿಯುವಂಥವೇ. ಕಾಳುಪಲ್ಯ, ರೊಟ್ಟಿ ಉಂಡು ಮೇಲೊಂದು ಲೋಟ ಹಾಲು ಕುಡಿದು ಹೊಟ್ಟೆ ಉಬ್ಬಿದರೆ ತಪ್ಪನ್ನು ಹಾಲಿನ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಸುಲಭವಾದದ್ದು. ಉಳಿದ ಊಟವನ್ನು ಒಂದಿಷ್ಟೂ ಬದಲಿಸದೆ ಎರಡು ವಾರ ಹಾಲು, ಹಾಲಿನ ಚಾ, ಪೇಢಾ, ಕುಂದಾ, ಐಸ್‌ಕ್ರೀಮ್, ಹಾಲಿನ ಪಾಯಸ ಬಿಡಬೇಕು. ಯಾವತ್ತು ಏನು ತಿಂದದ್ದು, ಹೊಟ್ಟೆ ಹೇಗಿತ್ತು ಎಂದು ಒಂದು ವಹಿಯಲ್ಲಿ ಬರೆಯಬೇಕು. ಎರಡು ವಾರದಲ್ಲಿ ಹೊಟ್ಟೆ ಹಗುರಾಗಿ, ಬಳಿಕ ಬರಿಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ಹಾಲು ಕುಡಿದಾಗ ಅದೇ ತೊಂದರೆ ಮರಳಿದರೆ ಗುಮಾನಿ ಗಟ್ಟಿಯಾಗುತ್ತದೆ. ಹಾಲು ಬಿಟ್ಟರೂ ತೊಂದರೆ ಹಾಗೇ ಉಳಿದರೆ ಕಾರಣ ಬೇರೆ ಇದೆ ಎಂದು ಅರ್ಥ.

ಆಸ್ಪತ್ರೆಯ ಪರೀಕ್ಷೆಗಳೂ ಇವೆ. 25 ಅಥವಾ 50 ಗ್ರಾಂ ಲ್ಯಾಕ್ಟೋಸನ್ನು ನೀರಿನಲ್ಲಿ ಕಲಸಿ ಕುಡಿಸಿ, ಎರಡು ಮೂರು ತಾಸು ಮತ್ತೆ ಮತ್ತೆ ಉಸಿರು ಊದಿಸಿ, ಅದರಲ್ಲಿನ ಹೈಡ್ರೋಜನ್ ಅಳೆಯುವುದು ಮುಖ್ಯ ಪರೀಕ್ಷೆ. ಮೊದಲಿದ್ದುದಕ್ಕಿಂತ ಹತ್ತು ಲಕ್ಷದಲ್ಲಿ 20 ಪಾಲು ಏರಿದರೆ ಲ್ಯಾಕ್ಟೋಸ್ ಅರಗುತ್ತಿಲ್ಲ ಎಂದು ಲೆಕ್ಕ. ಹೊಟ್ಟೆ ಮತ್ತು ಕರುಳಿನ ತಜ್ಞರನ್ನು ಕಾಣಲು ಈ ತಾಲೂಕುಗಳವರು ಬೆಳಗಾವಿಗೋ ಹುಬ್ಬಳ್ಳಿ-ಧಾರವಾಡಕ್ಕೋ ಹೋಗಬೇಕಾಗುತ್ತದೆ. ಉಸಿರಿನ ಪರೀಕ್ಷೆ ಇಲ್ಲದ ಕಡೆ ಲ್ಯಾಕ್ಟೋಸ್ ಕುಡಿಸಿ ರಕ್ತದ ಸಕ್ಕರೆ ನೋಡುವುದುಂಟು: ಅದು 20 ಮಿ.ಗ್ರಾಂನಷ್ಟೂ ಏರದಿದ್ದರೆ ಫಲಿತಾಂಶ ಅದೇ. ಆದರೆ ಬೇರೆ ಯಾವ ಅಪಾಯದ ಲಕ್ಷಣವೂ ಇಲ್ಲದ ಆರೋಗ್ಯವಂತರಿಗೆ ಎರಡು ವಾರದ ವಹಿಯೇ ಸಾಕು. ದುಡ್ಡು ಸುರಿಯಬೇಕಾದ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಹಾಲಿನ ಅಲರ್ಜಿ ಎಂಬುದು ಬೇರೆಯೇ ಸಂಗತಿ. ಅದು ಹಾಲಿನ ಪ್ರೋಟೀನಿಗೆ ದೇಹದ ರಕ್ಷಣಾ ವ್ಯವಸ್ಥೆ ತೋರುವ ವಿರೋಧ. ಹಾಲು ಬಾಯಿಗೆ ಬಿದ್ದ ಸ್ವಲ್ಪ ಹೊತ್ತಿನಲ್ಲೇ ಮೈಮೇಲೆ ಗಂಧೆ ಏಳುವುದು, ತುಟಿ-ಮುಖ ಬಾಯುವುದು, ಉಸಿರು ಹಿಡಿಯುವುದು, ಕೂಸುಗಳಲ್ಲಿ ಮಲದೊಂದಿಗೆ ರಕ್ತ ಹೋಗುವುದು ಅದರ ಗುರುತು. ಇಂಥವರು ಮುಂದೆ ಹೇಳುವ ರೂಢಿ ಮಾಡಿಕೊಳ್ಳುವ ಕ್ರಮವನ್ನು ಮನೆಯಲ್ಲಿ ಮಾಡಲೇಬಾರದು. ಒಂದು ಚಮಚ ಹಾಲೂ ಅವರಿಗೆ ಅಪಾಯ ತರಬಹುದು.

ಕಿಣ್ವ ಮರಳುವುದಿಲ್ಲ, ಹಾಲು ಮರಳುತ್ತದೆ

ದಿನವೂ ಹಾಲು ಕುಡಿದರೆ ಲ್ಯಾಕ್ಟೇಸ್ ಮತ್ತೆ ಹುಟ್ಟುತ್ತದೆ ಎಂಬ ನಂಬಿಕೆ ಹಳೆಯದು. ಅದು ನಿಜವಲ್ಲ. ವಯಸ್ಸಿನೊಂದಿಗೆ ಇಳಿದ ಕಿಣ್ವವನ್ನು ಯಾವ ರೂಢಿಯೂ, ಯಾವ ಕಷಾಯವೂ ಏರಿಸದು. ಬದಲಾಗುವುದು ದೊಡ್ಡ ಕರುಳು. ಅಲ್ಲಿಗೆ ದಿನವೂ ಸ್ವಲ್ಪ ಸ್ವಲ್ಪ ಲ್ಯಾಕ್ಟೋಸ್ ಇಳಿಯುತ್ತಿದ್ದರೆ, ಅದನ್ನು ಹೆಚ್ಚು ಗಾಳಿ ಮಾಡದೆ ಬಳಸಿಕೊಳ್ಳುವ ಬೈಫಿಡೋಬ್ಯಾಕ್ಟೀರಿಯಾದಂಥ ಜೀವಿಗಳು ಬೆಳೆದು ಗಾಳಿ ಹುಟ್ಟಿಸುವವುಗಳ ಜಾಗವನ್ನು ಆಕ್ರಮಿಸುತ್ತವೆ. 1996ರಲ್ಲಿ ಹರ್ಟ್ಜ್‌ಲರ್ ಮತ್ತು ಸವಯಾನೊ ಎಂಬ ಸಂಶೋಧಕರು ಲ್ಯಾಕ್ಟೋಸ್ ಅರಗದ ಜನರಿಗೆ ಹತ್ತು ದಿನ ಏರುಪ್ರಮಾಣದಲ್ಲಿ ಲ್ಯಾಕ್ಟೋಸ್ ಕೊಟ್ಟು ನೋಡಿದಾಗ ಉಸಿರಿನ ಹೈಡ್ರೋಜನ್ ಇಳಿಯಿತು, ವಾಯುವಿನ ಕಾಟ ಹೆಚ್ಚುಕಡಿಮೆ ಅರ್ಧಕ್ಕೆ ಬಂತು. ಮರುವರ್ಷವೇ ಫ್ರಾನ್ಸಿನ ಸಂಶೋಧಕರು ಇನ್ನೊಂದು ಮಗ್ಗುಲು ತೋರಿಸಿದರು: ಒಂದು ಗುಂಪಿಗೆ ಲ್ಯಾಕ್ಟೋಸ್, ಇನ್ನೊಂದಕ್ಕೆ ಸಾದಾ ಸಕ್ಕರೆ ಕೊಟ್ಟಾಗ ಎರಡೂ ಗುಂಪಿನವರು ಹೊಟ್ಟೆ ಸುಧಾರಿಸಿತು ಎಂದರು. ಬ್ಯಾಕ್ಟೀರಿಯಾ ಬದಲಾದದ್ದು ಲ್ಯಾಕ್ಟೋಸ್ ಕುಡಿದವರಲ್ಲೇ ಆದರೂ, ಅಂಜಿಕೆ ಕಳೆದದ್ದರಿಂದಲೂ ಒಂದು ಪಾಲು ಗುಣ ಬಂದಂತಾಯಿತು. ಕುಡಿಯುವವರಿಗೆ ಎರಡರಲ್ಲಿ ಯಾವುದರಿಂದ ಗುಣ ಬಂದರೂ ನಷ್ಟವೇನಿಲ್ಲ.

ಈ ತತ್ತ್ವವನ್ನು ಮನೆಯ ಕ್ರಮಕ್ಕೆ ಇಳಿಸಲು ಬೇಕಾದದ್ದು ಒಂದು ಅಳತೆಯ ಲೋಟ ಮತ್ತು ತಪ್ಪದೆ ನಡೆಸುವ ತಾಳ್ಮೆ. ಮೊದಲ ಮೂರ್ನಾಲ್ಕು ದಿನ 50 ಮಿ.ಲೀ. ಹಾಲನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ತೆಗೆದುಕೊಳ್ಳಬೇಕು. ಅದು ಹೋಟೆಲಿನ ಸಣ್ಣ ಚಾ ಕಪ್ಪಿನ ಅರ್ಧದಷ್ಟು. ಎರಡೂ ಸೇರಿ ದಿನಕ್ಕೆ ಸುಮಾರು 5 ಗ್ರಾಂ ಲ್ಯಾಕ್ಟೋಸ್. ಹೊಟ್ಟೆ ತಕರಾರು ಮಾಡದಿದ್ದರೆ ಮುಂದಿನ ಮೂರ್ನಾಲ್ಕು ದಿನ 75 ಮಿ.ಲೀ., ಆಮೇಲೆ 100, ಆಮೇಲೆ 125. ಹೀಗೆ ಏರಿಸಿದರೆ ಎರಡು-ಮೂರು ವಾರದಲ್ಲಿ ದಿನಕ್ಕೆ 250 ಮಿ.ಲೀ. ಹಾಲು ಎರಡು ಪಾಲಾಗಿ ಹೊಟ್ಟೆಗೆ ಸೇರುತ್ತದೆ. ಸಂಶೋಧಕರು ಕೊಟ್ಟ ಪ್ರಮಾಣ ಇದಕ್ಕಿಂತ ಹೆಚ್ಚು, ವೇಗವೂ ಹೆಚ್ಚು. ಹೊಲಕ್ಕೋ ಕಚೇರಿಗೋ ಹೋಗಬೇಕಾದವರಿಗೆ ನಿಧಾನವೇ ಲೇಸು. ಒಂದು ಮೆಟ್ಟಿಲಲ್ಲಿ ಹೊಟ್ಟೆ ಉಬ್ಬಿದರೆ ಕ್ರಮವನ್ನೇ ಬಿಡದೆ ಹಿಂದಿನ ಮೆಟ್ಟಿಲಿಗೆ ಇಳಿದು ಅಲ್ಲಿ ನಾಲ್ಕೈದು ದಿನ ಹೆಚ್ಚಿಗೆ ನಿಲ್ಲಬೇಕು. ಎರಡು ದಿನ ಕುಡಿದು ಮೂರು ದಿನ ಬಿಡುವುದರಿಂದ ಪ್ರಯೋಜನವಿಲ್ಲ. ಬ್ಯಾಕ್ಟೀರಿಯಾಗೆ ಬೇಕಾದದ್ದು ನಿತ್ಯದ ಮೇವು.

ಹಾಲನ್ನು ಬರಿಹೊಟ್ಟೆಯಲ್ಲಿ ಕುಡಿಯುವುದೇ ಎಷ್ಟೋ ಜನರ ತಪ್ಪು. ಊಟದೊಂದಿಗೆ ಸೇರಿದ ಹಾಲು ಜಠರದಿಂದ ನಿಧಾನವಾಗಿ ಕೆಳಗಿಳಿಯುತ್ತದೆ. ಇರುವ ಅಷ್ಟಿಷ್ಟು ಕಿಣ್ವಕ್ಕೆ ಕೆಲಸ ಮಾಡಲು ಸಮಯ ಸಿಗುತ್ತದೆ. ಈ ದೃಷ್ಟಿಯಿಂದ ಕಟಕ ರೊಟ್ಟಿಯನ್ನು ಮುರಿದು ಹಾಲಿನಲ್ಲಿ ನೆನೆಸಿ ಉಣ್ಣುವುದು, ಕೊನೆಯ ತುತ್ತಿಗೆ ಹಾಲು-ಅನ್ನ ಕಲಸಿಕೊಳ್ಳುವುದು ಪಾಠಪುಸ್ತಕದ ಸಲಹೆಗಿಂತ ಒಂದು ಹೆಜ್ಜೆ ಮುಂದಿನ ಉಪಾಯಗಳು. ಹಾಲಿಗೆ ನೀರು ಬೆರೆಸುವುದರಿಂದ ಮಾತ್ರ ಲಾಭವಿಲ್ಲ. ಲೋಟ ದೊಡ್ಡದಾಗುತ್ತದೆ, ಒಳಗಿನ ಲ್ಯಾಕ್ಟೋಸ್ ಅಷ್ಟೇ ಇರುತ್ತದೆ. ಕುದಿಸಿದರೂ ಅದು ಹೋಗದು. ಅರಿಸಿನ, ಶುಂಠಿ, ಯಾಲಕ್ಕಿ ರುಚಿಗೆ ಚೆನ್ನ. ಲ್ಯಾಕ್ಟೋಸಿಗೂ ಅವುಗಳಿಗೂ ಸಂಬಂಧವಿಲ್ಲ.

ಎಮ್ಮೆ ಹಾಲು ಜಡ, ಆಕಳ ಹಾಲು ಹಗುರ, ಜವಾರಿ ಆಕಳದಾದರೆ ಇನ್ನೂ ಹಗುರ ಎಂಬ ಮಾತನ್ನೂ ಲೆಕ್ಕ ಹಾಕಿ ನೋಡಬೇಕು. ಧಾರವಾಡಿ ಎಮ್ಮೆ, ಮುರ್ರಾ ಎಮ್ಮೆ, ಜವಾರಿ ಆಕಳು, ಜರ್ಸಿ, ಪ್ಯಾಕೆಟ್ ಹಾಲು ಯಾವುದಾದರೂ ಸರಿ, 100 ಮಿ.ಲೀ.ಗೆ ಲ್ಯಾಕ್ಟೋಸ್ 4.5ರಿಂದ 5 ಗ್ರಾಂ ಆಸುಪಾಸಿನಲ್ಲೇ ಇರುತ್ತದೆ. ಆಡಿನ ಹಾಲಿನಲ್ಲಿ ಕೊಂಚ ಕಡಿಮೆ, ಅಷ್ಟೆ. ಎಮ್ಮೆ ಹಾಲಿನಲ್ಲಿ ಹೆಚ್ಚಿರುವುದು ಕೊಬ್ಬು. ಜಡ ಎನಿಸುವುದು ಅದರಿಂದ. ಆ ಕೊಬ್ಬೇ ಹಾಲನ್ನು ಜಠರದಲ್ಲಿ ಹೆಚ್ಚು ಹೊತ್ತು ತಡೆಯುವುದರಿಂದ ಕೆಲವರಿಗೆ ಕೆನೆ ತೆಗೆದ ಹಾಲಿಗಿಂತ ಎಮ್ಮೆಯ ಗಟ್ಟಿ ಹಾಲೇ ಒಗ್ಗುವುದುಂಟು. ‘ಎ2’ ಎಂದು ಬರೆದು ದುಪ್ಪಟ್ಟು ದರಕ್ಕೆ ಮಾರುವ ಹಾಲಿನ ವಿಚಾರ ಪ್ರೋಟೀನಿಗೆ ಸೇರಿದ್ದು. ಅದರಲ್ಲಿಯೂ ಲ್ಯಾಕ್ಟೋಸ್ ಉಳಿದ ಹಾಲಿನಷ್ಟೇ. ಹಸಿ ಹಾಲು ಸುಲಭವಾಗಿ ಅರಗುತ್ತದೆ ಎಂಬ ಮಾತು ಕೇಳಿ ಕಾಯಿಸದೆ ಕುಡಿಯುವುದಂತೂ ಬ್ರುಸೆಲ್ಲೋಸಿಸ್‌ನಂಥ ಜ್ವರಕ್ಕೆ ಬಾಗಿಲು ತೆರೆದಂತೆ.

ಚಾದ ಲೆಕ್ಕ ಕುತೂಹಲದ್ದು. ಒಂದು ಕಪ್ಪು ಚಾಕ್ಕೆ 40 ಮಿ.ಲೀ. ಹಾಲು ಹಿಡಿದರೂ ದಿನಕ್ಕೆ ಆರು ಕಪ್ಪು ಕುಡಿಯುವವರ ಹೊಟ್ಟೆಗೆ 240 ಮಿ.ಲೀ. ಹಾಲು, ಸುಮಾರು 12 ಗ್ರಾಂ ಲ್ಯಾಕ್ಟೋಸ್ ಹೋಗಿರುತ್ತದೆ. ಹಾಲು ಆಗಿಬರದು ಎನ್ನುವ ಆ ಮನುಷ್ಯರು ಒಂದು ಲೋಟ ಹಾಲನ್ನು ಕಂತಿನಲ್ಲಿ ಕುಡಿದು ಅರಗಿಸಿಕೊಂಡಿರುತ್ತಾರೆ. ಅವರು ಸೊನ್ನೆಯಿಂದ ಆರಂಭಿಸಬೇಕಿಲ್ಲ. ಎರಡು ಕಪ್ಪು ಚಾ ಕಡಿಮೆ ಮಾಡಿ ಆ ಪಾಲಿನ ಹಾಲನ್ನು ಊಟದೊಂದಿಗೆ ತೆಗೆದುಕೊಂಡರೆ ಮೊದಲ ಮೆಟ್ಟಿಲು ಏರಿದಂತೆಯೇ.

ಮೊಸರು, ಮಜ್ಜಿಗೆ

ಹಾಲು ಹೆಪ್ಪುಗಟ್ಟುವಾಗ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಒಂದು ಪಾಲನ್ನು ತಿಂದು ಹುಳಿಯಾಗಿ ಮಾರ್ಪಡಿಸುತ್ತವೆ. ಕಾಲುಭಾಗದಷ್ಟು ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ. ಆದರೂ ಮೊಸರು ಹಾಲಿಗಿಂತ ಎಷ್ಟೋ ಚೆನ್ನಾಗಿ ಅರಗುತ್ತದೆ. ಕಾರಣವನ್ನು 1984ರ ಒಂದು ಹೆಸರಾಂತ ಅಧ್ಯಯನ ಸ್ಪಷ್ಟಪಡಿಸಿತು: ಮೊಸರಿನ ಜೀವಂತ ಬ್ಯಾಕ್ಟೀರಿಯಾ ತಮ್ಮದೇ ಲ್ಯಾಕ್ಟೇಸನ್ನು ಹೊತ್ತು ಸಣ್ಣ ಕರುಳಿಗೆ ಇಳಿಯುತ್ತವೆ, ಅಲ್ಲಿ ಉಳಿದ ಲ್ಯಾಕ್ಟೋಸನ್ನು ತಾವೇ ಒಡೆಯುತ್ತವೆ. ಮನೆಯ ಹೆಪ್ಪಿನಲ್ಲಿ ಹಲವು ಬಗೆಯ ಬ್ಯಾಕ್ಟೀರಿಯಾ ಕಲೆತಿರುವುದರಿಂದ ಈ ಗುಣ ಮನೆಯಿಂದ ಮನೆಗೆ ಹೆಚ್ಚುಕಡಿಮೆ ಆಗುತ್ತದೆ. ಒಂದು ಮನೆಯ ಮೊಸರು ಒಗ್ಗಿ ಇನ್ನೊಂದು ಮನೆಯದು ಒಗ್ಗದಿದ್ದರೆ ಅದು ಬರೀ ಭ್ರಮೆ ಆಗಿರಬೇಕಿಲ್ಲ.

ಈ ಲಾಭ ಸಿಗಬೇಕಾದರೆ ಬ್ಯಾಕ್ಟೀರಿಯಾ ಬದುಕಿರಬೇಕು. ಒಲೆಯ ಮೇಲೆ ಕುದಿಸಿದ ಮಜ್ಜಿಗೆ ಸಾರಿನಲ್ಲಿ ಅವು ಸತ್ತಿರುತ್ತವೆ, ಲ್ಯಾಕ್ಟೋಸ್ ಮಾತ್ರ ಉಳಿದಿರುತ್ತದೆ. ಹಾಗಾಗಿ ಹಸಿ ಮಜ್ಜಿಗೆ ಕುಡಿದು ಹಾಯಾಗಿರುವವರಿಗೂ ಎರಡು ಬಟ್ಟಲು ಮಜ್ಜಿಗೆ ಸಾರು ಉಂಡ ದಿನ ಹೊಟ್ಟೆ ಗುಡುಗುಡು ಎನ್ನಬಹುದು. ತಿಂಗಳುಗಟ್ಟಲೆ ಕೆಡದಂತೆ ಕಾಸಿ ಪೊಟ್ಟಣ ಕಟ್ಟಿದ ಮಜ್ಜಿಗೆ, ಲಸ್ಸಿಗಳ ಕತೆಯೂ ಇದೇ. ಬೇಸಿಗೆಯಲ್ಲಿ ಜೋಳದ ಅಂಬಲಿಗೆ ಮಜ್ಜಿಗೆ ಕಲಸುವುದಾದರೆ ಅಂಬಲಿ ಆರಿದ ಮೇಲೆಯೇ ಕಲಸಬೇಕು. ಒಂದು ಪಾಲು ಮೊಸರಿಗೆ ಎರಡು ಪಾಲು ನೀರು ಹಾಕಿ ಕಡೆದ ಮಜ್ಜಿಗೆಯ ಒಂದು ಲೋಟದಲ್ಲಿ ಲ್ಯಾಕ್ಟೋಸ್ ಎರಡೂವರೆ ಗ್ರಾಂ ಆಸುಪಾಸು. ಅಷ್ಟನ್ನು ತಡೆಯದ ಹೊಟ್ಟೆ ವಿರಳ. ಹಾಲಿನ ಹೆಸರು ಕೇಳಿದರೇ ಹೆದರುವವರು ಮೊದಲ ಎರಡು ವಾರ ಮಜ್ಜಿಗೆ, ಮೊಸರಿನಲ್ಲೇ ಕಳೆದು ಆಮೇಲೆ ಹಾಲಿನ ಮೆಟ್ಟಿಲು ಏರುವುದು ಜಾಣತನ.

ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆಂದೇ ಹೇಳಬಹುದು. ಬೆಣ್ಣೆಯಲ್ಲಿ ಲೆಕ್ಕಕ್ಕಿಲ್ಲದಷ್ಟು. ಪನೀರು, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿನ ಚಕ್ಕಾ ಇವುಗಳಲ್ಲಿ ನೀರಿನೊಂದಿಗೆ ಬಹಳಷ್ಟು ಲ್ಯಾಕ್ಟೋಸ್ ಹೊರಟುಹೋಗಿರುತ್ತದೆ. ಎಮ್ಮೆ ಈದ ಮನೆಯಿಂದ ಬರುವ ಗಿಣ್ಣದ ಹಾಲಿನಲ್ಲಿಯೂ ಸಾದಾ ಹಾಲಿಗಿಂತ ಲ್ಯಾಕ್ಟೋಸ್ ಕಡಿಮೆ, ಪ್ರೋಟೀನು ಹೆಚ್ಚು. ಖೋವಾ ಇದಕ್ಕೆ ತೀರ ಉಲ್ಟಾ. ಒಂದು ಲೀಟರ್ ಹಾಲು ಬತ್ತಿ ಇನ್ನೂರು ಚಿಲ್ಲರೆ ಗ್ರಾಂ ಖೋವಾ ಆಗುವಾಗ ನೀರು ಹೋಗುತ್ತದೆ, ಲ್ಯಾಕ್ಟೋಸ್ ಅಷ್ಟೂ ಒಳಗೇ ಉಳಿಯುತ್ತದೆ. ಅಂದರೆ 50 ಗ್ರಾಂ ಖೋವಾದಲ್ಲಿ ಒಂದು ಲೋಟ ಹಾಲಿನ ಲ್ಯಾಕ್ಟೋಸ್ ಇರುತ್ತದೆ. ಬೆಳಗಾವಿಯ ಕುಂದಾ, ಧಾರವಾಡದ ಪೇಢಾ ಎರಡೂ ಇದೇ ಸಾಲಿನವು. ಒಂದೆರಡು ತುಂಡು ಊಟದ ಮೇಲೆ ತಿಂದರೆ ಚಿಂತೆಯಿಲ್ಲ, ಕಾಲು ಕಿಲೋ ಕುಂದಾ ಮುಂದಿಟ್ಟುಕೊಂಡು ಕುಳಿತರೆ ಹೊಟ್ಟೆ ಲೆಕ್ಕ ಕೇಳುತ್ತದೆ. ಗೋಕಾಕಿನ ಕರದಂಟು ಬೆಲ್ಲ, ತುಪ್ಪ, ಅಂಟು, ಒಣಹಣ್ಣಿನದಾದ್ದರಿಂದ ಈ ದೃಷ್ಟಿಯಲ್ಲಿ ನಿರಪಾಯ. ಮದುವೆ, ಜಾತ್ರೆಯ ಊಟದಲ್ಲಿ ಮಾದಲಿ, ಗೋಧಿ ಹುಗ್ಗಿ, ಹೋಳಿಗೆಗಳ ಮೇಲೆ ಧಾರಾಳವಾಗಿ ಹಾಲು ಸುರಿಯುವ ರೂಢಿಯಿದೆ. ಹಾಲಿನ ಕೈ ತಡೆದು ತುಪ್ಪದ ಕೈ ಬಿಟ್ಟರೆ ಹೊಟ್ಟೆಯೂ ಉಳಿಯುತ್ತದೆ, ಬಡಿಸುವವರ ಮನಸ್ಸೂ ಉಳಿಯುತ್ತದೆ.

ಔಷಧ ಅಂಗಡಿಗಳಲ್ಲಿ ಲ್ಯಾಕ್ಟೇಸ್ ಮಾತ್ರೆ ಮತ್ತು ಹನಿ ಸಿಗುತ್ತವೆ. ಮಾತ್ರೆಯನ್ನು ಹಾಲಿನ ಮೊದಲ ಗುಟುಕಿನೊಂದಿಗೇ ನುಂಗಬೇಕು. ಹೊಟ್ಟೆ ಕೆಟ್ಟ ಮೇಲೆ ನುಂಗಿದರೆ ಉಪಯೋಗವಿಲ್ಲ. ದೊಡ್ಡ ಊರುಗಳಲ್ಲಿ ಸಿಗುವ ಲ್ಯಾಕ್ಟೋಸ್‌ರಹಿತ ಹಾಲೂ ಅದೇ ಕಿಣ್ವ ಹಾಕಿ ಮೊದಲೇ ಒಡೆದ ಹಾಲು. ಒಡೆದ ಸಕ್ಕರೆಗಳು ನಾಲಿಗೆಗೆ ಹೆಚ್ಚು ಸಿಹಿಯಾಗಿರುವುದರಿಂದ ಅದು ಸ್ವಲ್ಪ ಸಿಹಿ ಎನಿಸುತ್ತದೆ, ಸಕ್ಕರೆ ಬೆರೆಸಿರುವುದಿಲ್ಲ. ಪ್ರಯಾಣ, ಮದುವೆಯಂಥ ಸಂದರ್ಭಕ್ಕೆ ಇವು ಒಳ್ಳೆಯವು. ನಿತ್ಯಕ್ಕೆ ಮಜ್ಜಿಗೆ ಇರುವಾಗ ಇಷ್ಟು ಖರ್ಚು ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಮಕ್ಕಳು, ಶಾಲೆಯ ಹಾಲು, ಬೇದಿಯ ನಂತರದ ದಿನಗಳು

2013ರ ಆಗಸ್ಟಿನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಸರಕಾರಿ ಶಾಲೆ, ಅಂಗನವಾಡಿಗಳ ಮಕ್ಕಳಿಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ ತಯಾರಿಸಿದ 150 ಮಿ.ಲೀ. ಹಾಲು ಸಿಗುತ್ತದೆ. ಇಷ್ಟರಲ್ಲಿರುವ ಲ್ಯಾಕ್ಟೋಸ್ ಸುಮಾರು 7 ಗ್ರಾಂ. ಕಿಣ್ವ ಇಳಿದ ದೊಡ್ಡ ಹುಡುಗರೂ ತಡೆಯಬಲ್ಲ ಪ್ರಮಾಣವಿದು. ದಿನಾ ಕುಡಿಯುವುದರಿಂದ ಒಗ್ಗಿಸಿಕೊಳ್ಳುವ ಕ್ರಮವೂ ತಾನಾಗಿ ನಡೆದಂತಾಗುತ್ತದೆ. ಕೆಲವು ದಿನ ಹಾಲಿಗೆ ರಾಗಿ ಮಾಲ್ಟ್ ಸೇರಿಸುವ ಕ್ರಮ 2024ರಲ್ಲಿ ಬಂದದ್ದು ಈ ದೃಷ್ಟಿಯಿಂದಲೂ ಒಳ್ಳೆಯದೇ, ಹಿಟ್ಟಿನೊಂದಿಗೆ ಸೇರಿದ ಹಾಲು ನಿಧಾನವಾಗಿ ಇಳಿಯುತ್ತದೆ. ಶಾಲೆಯ ಹಾಲು ಕುಡಿದರೆ ಹೊಟ್ಟೆ ನೋಯುತ್ತದೆ ಎನ್ನುವ ಮಗು ಹಸಿದು ಶಾಲೆಗೆ ಹೋಗುತ್ತಿದೆಯೇ ಎಂದು ಮೊದಲು ನೋಡಬೇಕು. ಅರ್ಧ ರೊಟ್ಟಿಯನ್ನಾದರೂ ತಿಂದು ಹೋದರೆ ಎಷ್ಟೋ ಮಕ್ಕಳ ದೂರು ನಿಲ್ಲುತ್ತದೆ. ನಿಲ್ಲದಿದ್ದರೆ ಕೆಲವು ದಿನ ಅರ್ಧ ಲೋಟ ಸಾಕೆಂದು ಗುರುಗಳಿಗೆ ಹೇಳಿಟ್ಟರಾಯಿತು.

ಐದು ವರ್ಷದೊಳಗಿನ ಮಗುವಿಗೆ ಹಠಾತ್ತನೆ ಹಾಲು ಆಗದೆ ಹೋದರೆ ಅದಕ್ಕೆ ವಂಶದ ಕಾರಣವಿರುವುದು ಕಡಿಮೆ. ವಾಂತಿ-ಬೇದಿಯಾದಾಗ ಸಣ್ಣ ಕರುಳಿನ ಒಳಪದರ ಸವೆದು, ಅದರ ತುದಿಯಲ್ಲಿದ್ದ ಲ್ಯಾಕ್ಟೇಸೂ ಹೋಗಿರುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಕಡೆ ನೀರು ನುಗ್ಗಿದಂಥ ಮಳೆಗಾಲಗಳಲ್ಲಿ, ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದಲ್ಲಿ ಲಕ್ಷಾಂತರ ಜನ ಸೇರಿದಾಗ ಸಿಕ್ಕಸಿಕ್ಕ ನೀರು ಕುಡಿದರೆ ಇಂಥ ಬೇದಿ ತಗಲುವುದು ಸುಲಭ. ಕರುಳಿನ ಪದರ ಮತ್ತೆ ಬೆಳೆಯುತ್ತದೆ, ಕೆಲವೇ ವಾರಗಳಲ್ಲಿ ಕಿಣ್ವವೂ ಮರಳುತ್ತದೆ. ಕಿಣ್ವ ನಿಜವಾಗಿ ಮರಳುವುದು ಹೀಗೆ ಕೆಟ್ಟ ಕರುಳು ಮಾಯುವಾಗ ಮಾತ್ರ. ಅಲ್ಲಿಯವರೆಗೆ ಓಆರ್‌ಎಸ್, ವೈದ್ಯರು ಹೇಳಿದಂತೆ 14 ದಿನ ಜಿಂಕ್, ಮೆತ್ತನ್ನ, ಮೊಸರನ್ನ ನಡೆಸಬೇಕು. ಎದೆಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ಬೇದಿ ಎರಡು ವಾರ ದಾಟಿದರೆ ಜಿಯಾರ್ಡಿಯಾದಂಥ ಪರೋಪಜೀವಿ ಸೇರಿರಬಹುದು, ಮಲ ಪರೀಕ್ಷೆ ಮಾಡಿಸಬೇಕು. ಹುಟ್ಟಿನಿಂದಲೇ ಲ್ಯಾಕ್ಟೇಸ್ ಇಲ್ಲದ ಕೂಸುಗಳೂ ಇವೆ, ಆದರೆ ಅದು ಜಗತ್ತಿನಲ್ಲೇ ಬಹು ವಿರಳ.

ಹಾಲು ಒಗ್ಗದೇ ಹೋದರೆ

ಎಷ್ಟು ನಿಧಾನವಾಗಿ ಏರಿಸಿದರೂ ಹಾಲು ಒಗ್ಗದವರು ಕೆಲವರು ಇದ್ದೇ ಇರುತ್ತಾರೆ. ಅವರು ಕ್ಯಾಲ್ಸಿಯಂ ಎಲ್ಲಿಂದ ಬರುತ್ತದೆ ಎಂದು ಯೋಚಿಸಲೇಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ಈ ಭಾಗದ ನಿತ್ಯದ ಜೋಳದಲ್ಲಿ 100 ಗ್ರಾಂಗೆ ಅದು 30 ಮಿ.ಗ್ರಾಂ ಕೂಡ ಇಲ್ಲ, ಸಜ್ಜೆಯೂ ಅಷ್ಟಕ್ಕಷ್ಟೆ. ರಾಗಿಯಲ್ಲಿ 350 ಮಿ.ಗ್ರಾಂ ಆಸುಪಾಸು ಇದ್ದರೂ ಮಲಪ್ರಭೆಯ ಈ ಎರೆಭೂಮಿಯಲ್ಲಿ ರಾಗಿ ದಿನದ ಊಟವಲ್ಲ. ಇಲ್ಲಿ ಕೈಗೆ ಸಿಗುವ ದೊಡ್ಡ ಆಧಾರ ಎಳ್ಳು: ಒಂದು ದೊಡ್ಡ ಚಮಚ ಸಿಪ್ಪೆಸಹಿತ ಎಳ್ಳಿನಲ್ಲಿ 100 ಮಿ.ಲೀ. ಹಾಲಿನಷ್ಟು ಕ್ಯಾಲ್ಸಿಯಂ ಇದೆ, ಮೈಗೆ ಹತ್ತುವುದು ಮಾತ್ರ ಹಾಲಿನಷ್ಟಲ್ಲ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ವರ್ಷಕ್ಕೊಮ್ಮೆಯ ಶಾಸ್ತ್ರವಾಗದೆ ವಾರದ ಊಟವಾದರೆ ಒಳ್ಳೆಯದು. ಗುರೆಳ್ಳು ಚಟ್ನಿಪುಡಿ, ನುಗ್ಗೆ ಸೊಪ್ಪು, ರಾಜಗಿರಿ, ಕರಿಬೇವಿನ ಪುಡಿ, ಮೀನು ತಿನ್ನುವವರಿಗೆ ಮುಳ್ಳುಸಹಿತ ಅಗಿಯುವ ಸಣ್ಣ ಮೀನು ಇವೂ ನೆರವಿಗೆ ಬರುತ್ತವೆ. ಬಿ12 ಜೀವಸತ್ತ್ವದ ವಿಷಯ ಇನ್ನೂ ಬಿಗಿಯಾದದ್ದು. ಮಾಂಸ, ಮೊಟ್ಟೆ ಮುಟ್ಟದ ಮನೆಗಳಿಗೆ ಅದು ಸಿಗುವುದು ಹಾಲು ಮತ್ತು ಹಾಲಿನ ಪದಾರ್ಥಗಳಿಂದ ಮಾತ್ರ. ಇಂಥ ಮನೆಯವರು ಹಾಲಿನ ಜೊತೆ ಮೊಸರು, ಮಜ್ಜಿಗೆಯನ್ನೂ ಬಿಟ್ಟುಬಿಟ್ಟರೆ ಕೆಲ ವರ್ಷಗಳಲ್ಲಿ ಕೈಕಾಲು ಜೋಮು, ರಕ್ತಹೀನತೆಗೆ ತುತ್ತಾಗಬಹುದು.

ಒಮ್ಮೆ ಒಗ್ಗಿದ ಹಾಲು ಶಾಶ್ವತವಾಗಿ ಒಗ್ಗಿತೆಂದು ತಿಳಿಯಬಾರದು. ತಿಂಗಳುಗಟ್ಟಲೆ ಹಾಲು ಬಿಟ್ಟರೆ, ಆಂಟಿಬಯೋಟಿಕ್ ಔಷಧಗಳ ಸರಣಿ ಮುಗಿಸಿದರೆ ಕರುಳಿನ ಬ್ಯಾಕ್ಟೀರಿಯಾ ಬದಲಾಗಿ ಹಳೆಯ ತೊಂದರೆ ಮರಳಬಹುದು. ಆಗ ಮತ್ತೆ ಅರ್ಧ ಕಪ್ಪಿನಿಂದ ಶುರುಮಾಡಬೇಕು. ಎರಡನೆಯ ಸಲ ಅಂಜಿಕೆ ಕಡಿಮೆ ಇರುವುದರಿಂದ ದಾರಿ ಸಲೀಸು.

ಹೊಟ್ಟೆಯ ಎಲ್ಲ ತಕರಾರನ್ನೂ ಹಾಲಿನ ಮೇಲೆ ಹಾಕಿ ಸುಮ್ಮನಿರುವುದು ಮಾತ್ರ ಅಪಾಯ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಸಂಜೆ ಜ್ವರ, ನಿದ್ದೆಯಿಂದ ಎಬ್ಬಿಸುವ ಬೇದಿ, ರಕ್ತಹೀನತೆ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಹೊಟ್ಟೆಯ ತೊಂದರೆ ಇವುಗಳಲ್ಲಿ ಯಾವುದಿದ್ದರೂ ಅದು ಲ್ಯಾಕ್ಟೋಸಿನ ಲಕ್ಷಣವಲ್ಲ. ಕರುಳಿನ ಕ್ಷಯ, ಕರುಳಿನ ಉರಿಯೂತ, ಕ್ಯಾನ್ಸರ್‌ಗಳು ಹೀಗೆ ಆರಂಭವಾಗಬಹುದು. ಅಂಥವರು ಹಾಲು ಬಿಟ್ಟು ನೋಡುತ್ತ ದಿನ ಕಳೆಯದೆ ಮೊದಲು ಸಮೀಪದ ತಾಲೂಕು ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಬೇಕು.